ಟೆನ್ಷನ್ ತಗೋಬೇಡಮ್ಮ, ತಾನಾಗೇ ಆಗುತ್ತೆ

ನಮ್ಮ ದೇಶದಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲ ಎಂದು ಕೊರಗುವವರು, ಮದುವೆಯಾಗಿ ನಾಲ್ಕೈದು ವರ್ಷವಾದರೂ ಮಕ್ಕಳಾಗದ ಹೆಣ್ಣುಮಗಳೊಬ್ಬಳ ಜೊತೆ ಒಮ್ಮೆ ಛತ್ರಕ್ಕೆ ಹೋಗಿ ಬರಬೇಕು. ಆಕೆ ಚಪ್ಪಲಿ ಬಿಡುವ ಮೊದಲೇ ಒಬ್ಬ ಆಪ್ತ ಸಮಾಲೋಚಕಿ ಎದುರಾಗುತ್ತಾರೆ. ಪನ್ನೀರು ಚಿಮುಕಿಸುವಲ್ಲಿ ಇನ್ನೊಬ್ಬರು. ಊಟದ ಪಂಕ್ತಿಯಲ್ಲಿ ಎಡಕ್ಕೊಬ್ಬರು, ಬಲಕ್ಕೊಬ್ಬರು. ಒಬ್ಬಟ್ಟಿಗೆ ತುಪ್ಪ ಹಾಕುವ ನೆಪದಲ್ಲಿ ಬಗ್ಗಿ, ಕಿವಿಯಲ್ಲಿ ಒಂದು ಮಾತು ಹಾಕಿ ಹೋಗುವವರು ಬೇರೆ. ಫೀಸಿಲ್ಲ, ಅಪಾಯಿಂಟ್‌ಮೆಂಟ್ ಬೇಡ, ಗೋಪ್ಯತೆಯ ರಗಳೆಯಂತೂ ಮೊದಲೇ ಇಲ್ಲ.

ಸಮಾಲೋಚನೆಗೆ ಒಂದು ಕ್ರಮವಿದೆ. ಇಡೀ ರಾಜ್ಯದಲ್ಲಿ ಬೀದರಿನಿಂದ ಚಾಮರಾಜನಗರದವರೆಗೆ ಅದೇ ಕ್ರಮ. ಯಾವ ವಿಶ್ವವಿದ್ಯಾಲಯವೂ ಇಷ್ಟು ಏಕರೂಪದ ಪಠ್ಯ ಜಾರಿಗೆ ತಂದಿಲ್ಲ.

"ಏನಮ್ಮಾ, ಏನೂ ವಿಶೇಷ ಇಲ್ವಾ?"

"ಇಲ್ಲ ಅತ್ತೆ."

"ಯಾರಿಗಾದ್ರೂ ತೋರಿಸ್ತಿದೀರಾ?"

"ಹೂಂ, ತೋರಿಸ್ತಿದೀವಿ."

"ಯಾರದಂತೆ ಪ್ರಾಬ್ಲಮ್ಮು?"

ಈ ಮೂರನೇ ಪ್ರಶ್ನೆಯನ್ನು ಕೇಳುವ ದನಿ ಮಂಟಪದಲ್ಲಿ ಧಾರೆ ಎರೆಸುತ್ತಿರುವ ಪುರೋಹಿತರಿಗೂ ಮುಟ್ಟುವಂತಿರಬೇಕು ಎಂಬುದು ನಿಯಮ. ಆಮೇಲೆ ಬರುವುದು ಚಿಕಿತ್ಸೆ. "ನೀನೇನೂ ಟೆನ್ಷನ್ ತಗೋಬೇಡಮ್ಮ, ತಾನಾಗೇ ಆಗುತ್ತೆ. ನಮ್ಮ ಭಾಗ್ಯನ ಸೊಸೆ ನೋಡು, ಆ ಹಾಳು ಸಾಫ್ಟ್‌ವೇರ್ ಕೆಲಸ ಬಿಟ್ಟಳು, ಮೂರೇ ತಿಂಗಳು!" ಈ ಭಾಗ್ಯ ಯಾರೆಂದು ಯಾರಿಗೂ ಗೊತ್ತಿರುವುದಿಲ್ಲ. ಆದರೆ ಪ್ರತಿ ಛತ್ರದಲ್ಲೂ ಅವರ ಸೊಸೆ ಕೆಲಸ ಬಿಟ್ಟು ಮೂರು ತಿಂಗಳಿಗೆ ಬಸುರಿಯಾಗಿರುತ್ತಾಳೆ.

ಜಗತ್ತಿನಲ್ಲಿ ಆರು ಮಂದಿ ವಯಸ್ಕರಲ್ಲಿ ಒಬ್ಬರು ಬದುಕಿನ ಯಾವುದಾದರೊಂದು ಹಂತದಲ್ಲಿ ಬಂಜೆತನವನ್ನು ಎದುರಿಸುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಲೆಕ್ಕ ಕೊಟ್ಟಿದೆ. ಆ ಲೆಕ್ಕವನ್ನು ಹಾಗೇ ತಂದು ಅರವತ್ತು ಎಲೆ ಹಾಕಿದ ಒಂದು ಪಂಕ್ತಿಗೆ ಹಚ್ಚಿದರೆ ಹತ್ತು ಮಂದಿ ಆಗುತ್ತಾರೆ. ಒಬ್ಬಳು ಸಿಕ್ಕಿಬಿದ್ದಿದ್ದಾಳೆ, ಉಳಿದ ಒಂಬತ್ತು ಮಂದಿ ತಲೆ ತಗ್ಗಿಸಿ ಕೋಸಂಬರಿ ತಿನ್ನುತ್ತಿದ್ದಾರೆ. ಅವರಲ್ಲೊಬ್ಬರು, ತಮ್ಮ ಕಾಲದ್ದನ್ನು ಮರೆತು, ಸಲಹೆ ಕೊಡುವವರ ಸಾಲಿಗೆ ಸೇರಿರಲೂಬಹುದು.

ಟೆನ್ಷನ್ ಬಿಡು ಎಂಬ ಈ ಮದ್ದಿನ ಸೊಗಸೆಂದರೆ, ಇದು ಕೆಲಸ ಮಾಡದಿದ್ದರೆ ತಪ್ಪು ಮದ್ದಿನದಲ್ಲ, ಕುಡಿದವಳದು. ಮಗುವಾಗಲಿಲ್ಲವೇ? ಹಾಗಾದರೆ ನೀನು ಟೆನ್ಷನ್ ತಗೊಂಡಿದ್ದೀಯ. ಹೇಳಿದ್ದೆ ತಾನೇ? ಹೀಗೆ ಮೊದಲು ಗರ್ಭಕೋಶದ ಮೇಲಿದ್ದ ಆಪಾದನೆ ಈಗ ಮೆದುಳಿಗೂ ಏರಿತು. ಇಂಗ್ಲೆಂಡಿನ ಪಕ್ಕದ ವೇಲ್ಸ್‌ನ ಕಾರ್ಡಿಫ್ ವಿಶ್ವವಿದ್ಯಾಲಯದ ಜಾಕಿ ಬೊಯ್ವಿನ್ ಮತ್ತು ಸಂಗಡಿಗರು 14 ಅಧ್ಯಯನಗಳ 3,583 ಮಹಿಳೆಯರ ಮಾಹಿತಿಯನ್ನು ಒಟ್ಟಿಗೆ ಹಾಕಿ ನೋಡಿ, 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು: ಚಿಕಿತ್ಸೆಗೆ ಮೊದಲು ಮನಸ್ಸಿನಲ್ಲಿದ್ದ ಆತಂಕಕ್ಕೂ ಆ ಸುತ್ತಿನಲ್ಲಿ ಗರ್ಭ ನಿಲ್ಲುವುದಕ್ಕೂ ಸಂಬಂಧ ಕಾಣಲಿಲ್ಲ. ನಕ್ಕವಳಿಗೂ ಅಷ್ಟೇ, ಅತ್ತವಳಿಗೂ ಅಷ್ಟೇ. ಈ ಸಂಶೋಧನೆ ಹದಿನೈದು ವರ್ಷದಿಂದ ಅಂತರ್ಜಾಲದಲ್ಲಿ ಬಿದ್ದಿದೆ. ನಮ್ಮ ಫ್ಯಾಮಿಲಿ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ನಿಂಬೆಹಣ್ಣು ಕ್ಯಾನ್ಸರ್ ವಾಸಿಮಾಡುತ್ತದೆ ಎಂಬುದು ವಾರಕ್ಕೆರಡು ಸಲ ಬರುತ್ತದೆ, ಇದೊಂದು ಬಂದಿಲ್ಲ.

ಕ್ಯಾನ್ಸರ್ ಎಂದಾಗ ನೆನಪಾಯಿತು. 1993ರಲ್ಲಿ ಅಮೆರಿಕದ ಆಲಿಸ್ ಡೋಮರ್ ಮತ್ತು ಜೊತೆಗಾರರು ಬಂಜೆತನದ ಚಿಕಿತ್ಸೆಯಲ್ಲಿದ್ದ ಮಹಿಳೆಯರ ಆತಂಕ, ಖಿನ್ನತೆಗಳನ್ನು ಅಳೆದು ನೋಡಿದರೆ ಅದು ಕ್ಯಾನ್ಸರ್ ರೋಗಿಗಳ, ಹೃದಯಾಘಾತವಾಗಿ ಚೇತರಿಸಿಕೊಳ್ಳುತ್ತಿರುವವರ ಮಟ್ಟಕ್ಕೇ ಇತ್ತು. ಕಿದ್ವಾಯಿ ಆಸ್ಪತ್ರೆಯ ಹೊರಗೆ ಫೈಲು ಹಿಡಿದು ನಿಂತವರಿಗೆ ಯಾರಾದರೂ, "ಟೆನ್ಷನ್ ತಗೋಬೇಡಿ, ಗಂಟು ತಾನಾಗೇ ಕರಗುತ್ತೆ, ಒಂದು ಸಲ ಗೋವಾಕ್ಕೆ ಹೋಗಿ ಬನ್ನಿ" ಎನ್ನುವುದನ್ನು ಕೇಳಿದ್ದೀರಾ? ಇವಳಿಗೆ ಮಾತ್ರ ಗೋವಾ. ಬಜೆಟ್ ಇದ್ದರೆ ಬಾಲಿ.

ಹೋಲಿಸಿ ನೋಡಿದರೆ ಮನು ಉದಾರಿ. ಮನುಸ್ಮೃತಿಯ ಒಂಬತ್ತನೇ ಅಧ್ಯಾಯದ ಪ್ರಕಾರ ಮಕ್ಕಳಾಗದ ಹೆಂಡತಿಯ ಮೇಲೆ ಇನ್ನೊಬ್ಬಳನ್ನು ತರಬೇಕಿದ್ದರೆ ಎಂಟನೇ ವರ್ಷದವರೆಗೆ ಕಾಯಬೇಕು. ನಮ್ಮ ಎದುರು ಮನೆಯವರು ಎಂಟನೇ ತಿಂಗಳಿಗೇ ಕಣ್ಣು ಕಿರಿದು ಮಾಡಿ ಹೊಟ್ಟೆ ನೋಡಲು ಶುರು ಮಾಡುತ್ತಾರೆ. ಅದೇ ಶ್ಲೋಕದಲ್ಲಿ ಗಡುಸು ಮಾತಿನ ಹೆಂಡತಿಗೆ ಮಾತ್ರ ಒಂದು ದಿನದ ಗಡುವೂ ಇಲ್ಲ, ತಕ್ಷಣ ಬದಲಿಸಬಹುದು. ಛತ್ರದಲ್ಲಿ ಇವಳು ಅತ್ತೆಯಂದಿರಿಗೆ ಎದುರು ಮಾತಾಡದೆ ಯಾಕೆ ನಕ್ಕು ಸುಮ್ಮನಾಗುತ್ತಾಳೆ ಎಂಬುದು ಈಗ ಅರ್ಥವಾಯಿತಲ್ಲ? ಕೈಲಿದ್ದ ಎಂಟು ವರ್ಷವೂ ಹೋದೀತೆಂಬ ಭಯ.

ಸಲಹೆ ಕೊಡದೆ, ಕೆಲಸದ ಮೂಲಕ ಮನಸ್ಸನ್ನು ಕಾಯುವವರೂ ಇದ್ದಾರೆ. ಅವರನ್ನು ನೋಡಬೇಕಿದ್ದರೆ ಸೀಮಂತಕ್ಕೆ ಹೋಗಬೇಕು. ಒಂದು ಮನೆಯಲ್ಲಿ ಕಂಡದ್ದು ಇದು. ಹಸಿರು ಸೀರೆಯ ಬಸುರಿಯನ್ನು ಹಸೆಮಣೆಯಲ್ಲಿ ಕೂರಿಸಿದ್ದಾರೆ. ಮಡಿಲಕ್ಕಿ, ಬೆಲ್ಲದಚ್ಚು, ಬಳೆ ಮಲ್ಲಾರ ಎಲ್ಲ ಸಿದ್ಧ. "ಆರತಿಗೆ ಐದು ಜನ ಮುತ್ತೈದೇರು ಬನ್ರಮ್ಮಾ" ಎಂದರು ಹಿರಿಯರು. ನಾಲ್ವರು ಎದ್ದರು. ಹಜಾರದಲ್ಲಿ ಇನ್ನೊಬ್ಬಳು ಮುತ್ತೈದೆ ಇದ್ದಳು. ಬೆಳಗ್ಗೆಯಿಂದ ಹೂ ಕಟ್ಟಿದವಳು, ಆ ಆರತಿ ತಟ್ಟೆಗೆ ರಂಗೋಲಿ ಪುಡಿಯಲ್ಲಿ ನವಿಲು ಬರೆದವಳೂ ಅವಳೇ. ಹಿರಿಯರ ಕಣ್ಣು ಅವಳ ಮೇಲೆ ಹಾದು, ಗೋಡೆಯ ಮೇಲೆ ಹಾದು, ಬಾಗಿಲಾಚೆ ಹೋಯಿತು. ಕೆಳಗಿನ ಮನೆಯ ಬಾಡಿಗೆಯವರನ್ನು ಕೂಗಿ ಕರೆದರು. ಆಕೆ ನೈಟಿಯ ಮೇಲೊಂದು ದುಪಟ್ಟಾ ಹೊದ್ದು, ಕುಕ್ಕರ್ ಮೂರನೇ ವಿಷಲ್ ಆದರೆ ಆಫ್ ಮಾಡಿ ಎಂದು ಯಾರಿಗೋ ಹೇಳುತ್ತ ಮೇಲೆ ಬಂದು ಐದನೇ ಮುತ್ತೈದೆಯಾದರು. ಹೆತ್ತವರಾದ್ದರಿಂದ ನೈಟಿ ನಡೆಯುತ್ತದೆ.

ಆಮೇಲೆ ಅಡುಗೆಮನೆಯಲ್ಲಿ ಒಬ್ಬರು ಹೇಳಿದರು: "ಪಾಪ, ಅವಳ ಮನಸ್ಸಿಗೆ ನೋವಾಗುತ್ತೆ ಅಂತ ಕರೀಲಿಲ್ಲ ಕಣೇ."

ಎಂಥ ಸೂಕ್ಷ್ಮ! ಅವಳಿಗೆ ನೋವಾಗಬಾರದೆಂದು ನಲವತ್ತು ಜನರ ಮುಂದೆ ಅವಳನ್ನು ಗೋಡೆಯ ಲೆಕ್ಕಕ್ಕೆ ಹಾಕಿದರು. ಕೆಲವು ಮನೆಗಳಲ್ಲಿ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ಸೀಮಂತಕ್ಕೇ ಕರೆಯುವುದಿಲ್ಲ. ಸಂಜೆ ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲಿ ಅವಳು ಇಪ್ಪತ್ತಾರು ಫೋಟೊ ನೋಡಿಕೊಳ್ಳುತ್ತಾಳೆ. ಅದಕ್ಕೂ ಕಾರಣ ಅವಳ ಮೇಲಿನ ಕಾಳಜಿಯೇ.

ದೇವಸ್ಥಾನಗಳ ವಿಷಯದಲ್ಲಿ ನನಗೆ ದೂರಿಲ್ಲ. ಕುಕ್ಕೆಯಲ್ಲಿ ಸರ್ಪಸಂಸ್ಕಾರ, ಘಾಟಿಯಲ್ಲಿ ನಾಗಪ್ರತಿಷ್ಠೆ, ವಿದುರಾಶ್ವತ್ಥದಲ್ಲಿ ಪ್ರದಕ್ಷಿಣೆ, ಚನ್ನಪಟ್ಟಣದ ಹತ್ತಿರ ದೊಡ್ಡಮಳೂರಿನ ಅಂಬೆಗಾಲು ಕೃಷ್ಣನಿಗೆ ಪುಟ್ಟ ತೊಟ್ಟಿಲು; ಇವನ್ನೆಲ್ಲ ಮಾಡಿ ಬಂದವರು ಬೇಕಾದಷ್ಟಿದ್ದಾರೆ. ಈ ಇಡೀ ವ್ಯವಹಾರದಲ್ಲಿ "ಯಾರದು ಪ್ರಾಬ್ಲಮ್ಮು" ಎಂದು ಕೇಳದೆ ಇರುವವನು ದೇವರೊಬ್ಬನೇ. ಅಂಬೆಗಾಲಿನ ಮೂರ್ತಿಯ ಮುಂದೆ ಹತ್ತು ನಿಮಿಷ ಒಬ್ಬಳೇ ಕೂರಲು ಬಿಟ್ಟರೆ ಅವಳಿಗೆ ಎಷ್ಟೋ ಹಗುರಾದೀತು. ಬಿಡುವವರು ಯಾರು? ಇನ್ನೋವಾದಲ್ಲಿ ಅತ್ತೆ, ಅತ್ತೆಯ ತಂಗಿ, ಹರಕೆ ನೆನಪಿಸಲು ಒಬ್ಬರು, ಮದ್ದೂರು ವಡೆಗೆ ಒಬ್ಬರು ಬಂದಿರುತ್ತಾರೆ. ಬಿಡದಿ ದಾಟುವ ಹೊತ್ತಿಗೆ ಡ್ರೈವರಣ್ಣನೂ ಕನ್ನಡಿಯಲ್ಲಿ ನೋಡಿ, "ಅಕ್ಕಾ, ತಪ್ಪು ತಿಳ್ಕೋಬೇಡಿ, ನಮ್ಮೂರಲ್ಲಿ ಒಬ್ರು ಬೇರು ಕೊಡ್ತಾರೆ" ಎಂದು ಸೇವೆಗೆ ಇಳಿಯುತ್ತಾನೆ.

ಇನ್ನು ವಿಚಾರವಂತರ ಶಾಖೆ. ಇವರಿಗೆ ಹರಕೆ, ಬೇರುಗಳಲ್ಲಿ ನಂಬಿಕೆಯಿಲ್ಲ. ಇವರು ಸಾಲುಮರದ ತಿಮ್ಮಕ್ಕನ ಹೆಸರು ಹೇಳುತ್ತಾರೆ. ಮಾಗಡಿ ತಾಲೂಕಿನ ಹುಲಿಕಲ್ಲಿನ ತಿಮ್ಮಕ್ಕ, ಗಂಡ ಚಿಕ್ಕಯ್ಯನ ಜೊತೆ ಕೊಡದಲ್ಲಿ ನೀರು ಹೊತ್ತು, ಕುದೂರಿನ ದಾರಿಯುದ್ದಕ್ಕೂ ಆಲದ ಸಸಿಗಳನ್ನು ಸಾಕಿದರು. 2019ರಲ್ಲಿ ಪದ್ಮಶ್ರೀ ಬಂತು. 2025ರ ನವೆಂಬರಿನಲ್ಲಿ, 114ನೇ ವಯಸ್ಸಿನಲ್ಲಿ ತೀರಿಕೊಂಡಾಗ ನಾಡೇ ಕಣ್ಣೊರೆಸಿಕೊಂಡಿತು. ಆ ಅಜ್ಜಿಯನ್ನು ಈಗ ಪ್ರಿಸ್ಕ್ರಿಪ್ಷನ್ ಮಾಡಿಕೊಂಡಿದ್ದಾರೆ. "ಮಕ್ಕಳಾಗದಿದ್ದರೆ ಏನಾಯ್ತು? ತಿಮ್ಮಕ್ಕನ್ನ ನೋಡಿ, ಮರ ನೆಡಿ!" ಸರ್ಜಾಪುರ ರಸ್ತೆಯ ಹನ್ನೊಂದನೇ ಮಹಡಿಯ ಬಾಲ್ಕನಿಯಲ್ಲಿ ಆಲದ ಮರ ಎಲ್ಲಿ ನೆಡುವುದು ಎಂಬ ಪ್ರಶ್ನೆ ಹಾಗಿರಲಿ. ಮೂರು ಮಕ್ಕಳ ತಾಯಿಗೆ ಯಾರೂ ಮರ ನೆಡು ಎನ್ನುವುದಿಲ್ಲ. ಪರಿಸರದ ಹೊಣೆಯೆಲ್ಲ ಬಸಿರು ನಿಲ್ಲದವಳ ಮೇಲೆ ಬಂದು ಬಿದ್ದಿದೆ. ಪದ್ಮಶ್ರೀ ಬರುವಷ್ಟು ಮರ ಬೆಳೆಸಿದ ಮೇಲೆ ಮಕ್ಕಳಿಲ್ಲದಿರುವುದನ್ನು ಕ್ಷಮಿಸುತ್ತೇವೆ. ಅದಕ್ಕಿಂತ ಕಡಿಮೆಯಾದರೆ ಆರತಿಗೆ ಕರೆಯುವುದು ಕಷ್ಟ.

"ದತ್ತು ತಗೊಂಡುಬಿಡಿ" ಎನ್ನುವವರದು ಇದೇ ಶಾಖೆಯ ಉಪಶಾಖೆ. ಮಾರುಕಟ್ಟೆಯಿಂದ ಬರುವಾಗ ಸೊಪ್ಪಿನ ಕಟ್ಟು ತಂದಷ್ಟು ಸಲೀಸಾಗಿ ಹೇಳುತ್ತಾರೆ. ಕೇಂದ್ರ ದತ್ತು ಪ್ರಾಧಿಕಾರದ ಪೋರ್ಟಲ್‌ನಲ್ಲಿ ಹೆಸರು ಬರೆಸಿದವರು ಪುಟ್ಟ ಮಗುವಿಗಾಗಿ ಮೂರು ವರ್ಷಕ್ಕೂ ಮೇಲೆ ಕಾಯುತ್ತಿರುವುದು ಇವರಿಗೆ ಗೊತ್ತಿಲ್ಲ. ಸಲಹೆಯ ಬಾಲ ಇನ್ನೂ ಚಂದ: "ದತ್ತು ತಗೊಂಡ ತಕ್ಷಣ ಸ್ವಂತದ್ದು ಆಗಿಬಿಡುತ್ತೆ, ಬೇಕಾದ್ರೆ ನೋಡಿ!" ಅಂದರೆ ಎಲ್ಲೋ ತೊಟ್ಟಿಲಲ್ಲಿರುವ ಒಂದು ಕೂಸು ಇವರ ಲೆಕ್ಕದಲ್ಲಿ ಇನ್ನೊಂದು ಕೂಸು ಹುಟ್ಟಿಸುವ ಮಾತ್ರೆ.

ಸರಿ, ಈ ಹವ್ಯಾಸಿಗಳ ಸಹವಾಸ ಸಾಕು, ವೃತ್ತಿಪರರ ಹತ್ತಿರ ಹೋಗೋಣ ಎಂದು ಅವಳು ಫರ್ಟಿಲಿಟಿ ಸೆಂಟರಿಗೆ ಬರುತ್ತಾಳೆ. ಬೆಂಗಳೂರಿನಲ್ಲಿ ಇವು ದರ್ಶಿನಿಗಳಿಗೆ ಪೈಪೋಟಿ ಕೊಡುವಷ್ಟಾಗಿವೆ. ಹೆಸರು ಬೇಡ, ಎಲ್ಲದರ ಒಳಗೂ ಒಂದೇ ಸೋಫಾ, ಒಂದೇ ಟೋಕನ್ ಪರದೆ, ಒಂದೇ ಗೋಡೆ. ಗೋಡೆಯ ತುಂಬ ನೀಲಿ ಕಣ್ಣಿನ, ಹೊಂಬಣ್ಣದ ಕೂದಲಿನ, ಹಾಲಿನಂತೆ ಬಿಳಿಯ ಮಗು ನಗುತ್ತಿರುತ್ತದೆ. ತುರುವೇಕೆರೆಯ ದಂಪತಿಗೆ ನಿಜಕ್ಕೂ ಅಂಥ ಮಗು ಹುಟ್ಟಿದರೆ ಬೇರೆಯದೇ ಬಗೆಯ ಸಮಾಲೋಚನೆ ಬೇಕಾಗುತ್ತದೆ.

ಕಾನೂನಿನಲ್ಲಿ ಕೊರತೆಯಿಲ್ಲ. 2021ರ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ನಿಯಂತ್ರಣ ಕಾಯ್ದೆ, 2022ರ ಜನವರಿಯಿಂದ ಜಾರಿಯಲ್ಲಿದೆ. ಯಶಸ್ಸಿನ ಸಾಧ್ಯತೆ ಎಷ್ಟು, ಖರ್ಚೆಷ್ಟು, ಅಡ್ಡ ಪರಿಣಾಮಗಳೇನು ಎಂಬುದನ್ನೆಲ್ಲ ಕ್ಲಿನಿಕ್ಕುಗಳು ಕೂರಿಸಿ ತಿಳಿಸಿ ಹೇಳಬೇಕು, ದಂಪತಿ ತಿಳಿದು ನಿರ್ಧರಿಸಲು ನೆರವಾಗಬೇಕು ಎನ್ನುತ್ತದೆ ಅದು. ನಿಯಮಗಳ ಸಿಬ್ಬಂದಿ ಪಟ್ಟಿಯಲ್ಲಿ ಸ್ತ್ರೀರೋಗ ತಜ್ಞರು, ಭ್ರೂಣತಜ್ಞರ ಜೊತೆ ಕೌನ್ಸೆಲರ್ ಕೂಡ ಇದ್ದಾರೆ. ಮನಶ್ಶಾಸ್ತ್ರ ಓದಿರಬಹುದು, ನರ್ಸಿಂಗ್ ಓದಿರಬಹುದು, ಜೀವವಿಜ್ಞಾನ ಓದಿದ್ದರೂ ನಡೆಯುತ್ತದೆ. ಅಳುವುದೂ ಒಂದು ಜೈವಿಕ ಕ್ರಿಯೆ ತಾನೆ.

ಕೌನ್ಸೆಲರ್ ಕೋಣೆಯಲ್ಲಿ ಮೇಜಿನ ಮೇಲೆ ಟಿಶ್ಯೂ ಡಬ್ಬಿ, ಕ್ಯಾಲ್ಕುಲೇಟರ್, ಮಡಚುವ ಬ್ರೋಷರ್ ಇರುತ್ತವೆ. ಬಳಕೆಯ ಗುರುತು ಕ್ಯಾಲ್ಕುಲೇಟರ್ ಮೇಲೆ ಹೆಚ್ಚು.

"ಮೇಡಂ, ಸಿಂಗಲ್ ಸೈಕಲ್ ತಗೋತೀರಾ, ಮೂರು ಸೈಕಲ್ ಪ್ಯಾಕೇಜ್ ತಗೋತೀರಾ?"

"ಮೂರ್ಯಾಕೆ, ಒಂದ್ರಲ್ಲಿ ಆಗಲ್ವಾ?"

"ಆಗುತ್ತೆ ಮೇಡಂ, ಪಾಸಿಟಿವ್ ಆಗಿರಿ. ಮೂರು ತಗೊಂಡ್ರೆ ನಿಮಗೇ ಟೆನ್ಷನ್ ಇರಲ್ಲ."

"ಆಗದೇ ಇದ್ರೆ?"

"ನೋ ಕಾಸ್ಟ್ ಇಎಂಐ ಇದೆ ಮೇಡಂ."

ಯಶಸ್ಸಿನ ಪ್ರಮಾಣ ಹೊರಗಿನ ಫ್ಲೆಕ್ಸಿನ ಮೇಲಿರುತ್ತದೆ. ಅದು ಇಪ್ಪತ್ತೆಂಟರ ಹುಡುಗಿಯದೋ, ಮೂವತ್ತೊಂಬತ್ತರವಳದೋ, ಟೆಸ್ಟ್ ಪಾಸಿಟಿವ್ ಬಂದದ್ದರ ಲೆಕ್ಕವೋ, ಮಗು ಮನೆಗೆ ಬಂದದ್ದರದೋ ಎಂಬುದನ್ನು ಫ್ಲೆಕ್ಸ್ ಹೇಳುವುದಿಲ್ಲ. ವಯಸ್ಸು ಏರಿದಂತೆ ಸಾಧ್ಯತೆ ಇಳಿಯುತ್ತದೆ, ಬಹಳ ಜನಕ್ಕೆ ಮೊದಲ ಸುತ್ತು ಫಲಿಸುವುದಿಲ್ಲ ಎಂಬ ಎರಡು ಮಾತನ್ನು ಮೆಲ್ಲಗೆ ಹೇಳಿ, ಆಮೇಲೆ ಐದು ನಿಮಿಷ ಎದುರಿಗೆ ಕೂತಿದ್ದರೆ ಅದೇ ಕೌನ್ಸೆಲಿಂಗ್ ಆಗುತ್ತಿತ್ತು. ಆ ಐದು ನಿಮಿಷದಲ್ಲಿ ಇನ್ನೊಂದು ಟೋಕನ್ ಕರೆಯಬಹುದು.

ಮುಂದಿನದನ್ನು ಅವಳು ಒಬ್ಬಳೇ ನಡೆಸುತ್ತಾಳೆ. ಹೊಟ್ಟೆಗೆ ಚುಚ್ಚಿಕೊಳ್ಳುವ ಇಂಜೆಕ್ಷನ್ನುಗಳನ್ನು ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಡುತ್ತಾಳೆ, ಊರಿಂದ ಬಂದ ಮಾವನಿಗೆ ಕಾಣದಂತೆ. ಆಫೀಸಿನ ರಜೆ ಅರ್ಜಿಯಲ್ಲಿ ಒಂದೇ ತಿಂಗಳಲ್ಲಿ ನಾಲ್ಕು ಸಲ ಜ್ವರ ಬರೆಯುತ್ತಾಳೆ. ಮ್ಯಾನೇಜರ್ "ನಿಮ್ಮ ಇಮ್ಯುನಿಟಿ ಬಹಳ ವೀಕು" ಎಂದು ಚ್ಯವನಪ್ರಾಶದ ಲಿಂಕ್ ಕಳಿಸುತ್ತಾರೆ. ಭ್ರೂಣ ಒಳಗೆ ಬಿಟ್ಟ ಮೇಲೆ ಟೆಸ್ಟ್‌ವರೆಗಿನ ಆ ಎರಡು ವಾರಕ್ಕೆ ಹೋಲಿಕೆಯಿಲ್ಲ. ಯುರೋಪಿನ ಫಲವತ್ತತೆ ತಜ್ಞರ ಸಂಘ 2015ರಲ್ಲಿ ಇದಕ್ಕಾಗಿಯೇ ಒಂದು ಮಾರ್ಗಸೂಚಿ ಬರೆದಿದೆ: ಯಾವ ಹಂತದಲ್ಲಿ ಹೆಣ್ಣಿನ ಮನಸ್ಸು ಹೆಚ್ಚು ಜಗ್ಗುತ್ತದೆ, ಆಗ ಡಾಕ್ಟರು, ನರ್ಸು ಏನು ಮಾಡಬೇಕು ಎಂದು. ಈ ಕಾಯುವ ದಿನಗಳ ಒತ್ತಡದ ಮಾತು ಅದರಲ್ಲಿ ಇದೆ. ಇಲ್ಲಿ ಆ ಹಂತಕ್ಕೆ ನಮ್ಮ ಮಾರ್ಗಸೂಚಿ: ಪರಂಗಿ ತಿನ್ನಬೇಡ, ಮೆಟ್ಟಿಲು ಹತ್ತಬೇಡ, ಟೆನ್ಷನ್ ತಗೋಬೇಡ.

ಫಲಿತಾಂಶ ಪಿಡಿಎಫ್ ಆಗಿ ಬರುತ್ತದೆ. ಅವಳಾಗ ಮೆಟ್ರೊದಲ್ಲಿ, ಮೆಜೆಸ್ಟಿಕ್ಕಿನ ನೂಕುನುಗ್ಗಲಿನಲ್ಲಿ, ಒಂದು ಕೈ ಹಿಡಿಕೆಗೆ ಕೊಟ್ಟು ನಿಂತಿರುತ್ತಾಳೆ. ಬೀಟಾ ಎಚ್‌ಸಿಜಿ ಎಂಬ ಸಾಲಿನ ಮುಂದೆ ಒಂದಕ್ಕಿಂತ ಸಣ್ಣದೊಂದು ಸಂಖ್ಯೆ. ಹಿಂದೆಯೇ ಫೋನು: "ನೆಗೆಟಿವ್ ಇದೆ ಮೇಡಂ, ಪ್ರೊಜೆಸ್ಟರಾನ್ ನಿಲ್ಲಿಸಿ, ಪೀರಿಯಡ್ಸ್ ಎರಡನೇ ದಿನ ಬನ್ನಿ." ಅದರ ಹಿಂದೆ ಇನ್ನೊಂದು ಸಂದೇಶ: ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ?

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ಒಂದು ಸುತ್ತಿಗೆ ಲಕ್ಷಗಳಲ್ಲಿ ಎಂಬುದು ಎಲ್ಲರಿಗೂ ಗೊತ್ತು. ಆದರೆ ವಿಮೆಯವರ ಹಾಸ್ಯಪ್ರಜ್ಞೆಯನ್ನು ಹೇಳದೆ ಇರಲಾರೆ. ಆರೋಗ್ಯ ವಿಮೆಯ ಸಾಮಾನ್ಯ ಪಾಲಿಸಿ ತೆರೆದು ನೋಡಿ: ಹೊರಗಿಟ್ಟ ಚಿಕಿತ್ಸೆಗಳ ಪಟ್ಟಿಯಲ್ಲಿ ಬಂಜೆತನಕ್ಕೆ ಎಕ್ಸ್‌ಕ್ಲೂಷನ್ 17 ಎಂಬ ಅಧಿಕೃತ ಸಂಖ್ಯೆಯೇ ಇದೆ. ಅತ್ತ 2017ರ ಮಾನಸಿಕ ಆರೋಗ್ಯ ಕಾಯ್ದೆ, ಮನಸ್ಸಿನ ಕಾಯಿಲೆಗೂ ದೇಹದ ಕಾಯಿಲೆಯಷ್ಟೇ ವಿಮೆ ಕೊಡಬೇಕು ಎಂದಿದೆ. ಎರಡನ್ನೂ ಸೇರಿಸಿ ಓದಿದರೆ ಅರ್ಥ ಇಷ್ಟು: ಮಕ್ಕಳಾಗುವ ಚಿಕಿತ್ಸೆಗೆ ದುಡ್ಡಿಲ್ಲ, ಮಕ್ಕಳಾಗಲಿಲ್ಲ ಎಂಬ ಕೊರಗಿನಲ್ಲಿ ಖಿನ್ನತೆ ಹೆಚ್ಚಿ ಆಸ್ಪತ್ರೆ ಸೇರಿದರೆ ಕಾಗದಪತ್ರ ತನ್ನಿ, ನೋಡೋಣ.

ಸರ್ಕಾರದ್ದೂ ಒಂದು ಸಾಲು. 1952ರಲ್ಲೇ ಕುಟುಂಬ ಯೋಜನೆ ಆರಂಭಿಸಿದ ದೇಶ ನಮ್ಮದು. ಮಕ್ಕಳು ಜಾಸ್ತಿಯಾದವರಿಗೆ ಬಸ್ಸಿನ ಹಿಂದೆ, ಗೋಡೆಯ ಮೇಲೆ, ಬೆಂಕಿಪೊಟ್ಟಣದ ಮೇಲೆ ಬುದ್ಧಿ ಹೇಳಿದೆವು. ಆಗದವರಿಗೆ ಹೇಳಲು ಒಂದು ಬೆಂಕಿಪೊಟ್ಟಣವೂ ಉಳಿಯಲಿಲ್ಲ. ಆಗ ಬಂದ ಮಕ್ಕಳೆಲ್ಲ ಬೆಳೆದು, ಈಗ ಛತ್ರಗಳಲ್ಲಿ ಕೂತು ವಿಶೇಷ ಕೇಳುತ್ತಿದ್ದಾರೆ.

ಹೆಣ್ಣಿನ ಮನಸ್ಸಿನ ಮಾತು ಬಿಡಿ, ಪ್ರನಾಳ ಶಿಶು ಮಾಡಿದವನ ಮನಸ್ಸನ್ನೇ ನಾವು ಹೇಗೆ ನೋಡಿಕೊಂಡೆವು ಎಂಬುದು ದಾಖಲಾಗಿದೆ. ಕೋಲ್ಕತ್ತದಲ್ಲಿ ಡಾಕ್ಟರ್ ಸುಭಾಷ್ ಮುಖೋಪಾಧ್ಯಾಯ 1978ರ ಅಕ್ಟೋಬರ್ 3ರಂದು ದೇಶದ ಮೊದಲ ಪ್ರನಾಳ ಶಿಶುವಿನ ಜನನಕ್ಕೆ ಕಾರಣರಾದರು. ಇಂಗ್ಲೆಂಡಿನಲ್ಲಿ ಲೂಯಿಸ್ ಬ್ರೌನ್ ಹುಟ್ಟಿ ಆಗಿನ್ನೂ 70 ದಿನ. ಸರ್ಕಾರ ಒಂದು ಸಮಿತಿ ಕೂರಿಸಿ ಎಲ್ಲ ಬುರುಡೆ ಎಂದಿತು, ಕೊನೆಗೆ ಅವರನ್ನು ಕಣ್ಣಿನ ಸಂಸ್ಥೆಗೆ ವರ್ಗ ಮಾಡಿತು. 1981ರ ಜೂನ್ 19ರಂದು ಅವರು ಆತ್ಮಹತ್ಯೆ ಮಾಡಿಕೊಂಡರು. ಅವರಿಗೂ ಯಾರೋ ಟೆನ್ಷನ್ ತಗೋಬೇಡಿ ಎಂದಿದ್ದಿರಬೇಕು.

ಇಷ್ಟು ಹೊತ್ತು ಗಂಡನೆಲ್ಲಿ ಎಂದು ಕೇಳುತ್ತೀರಿ. ಪಾರ್ಕಿಂಗ್ ಹುಡುಕುತ್ತಿದ್ದಾನೆ. ಮಕ್ಕಳಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದೆ ಎಂಬುದು ಪಠ್ಯಪುಸ್ತಕದ ಮಾತು. ಅವನ ಪರೀಕ್ಷೆಗೆ ಒಂದು ಪ್ಲಾಸ್ಟಿಕ್ ಡಬ್ಬಿ, ಕೆಲವು ನೂರು ರೂಪಾಯಿ, ಬಾಗಿಲು ಹಾಕಿದ ಒಂದು ಕೋಣೆ ಸಾಕು, ನೋವಿಲ್ಲ. ಅವಳ ಗರ್ಭನಾಳ ತೆರೆದಿದೆಯೋ ನೋಡಲು ಬಣ್ಣದ ದ್ರವ ಹಾಯಿಸಿ ಎಕ್ಸ್‌ರೇ ತೆಗೆಯುತ್ತಾರೆ. ಮೇಜಿನ ಅಂಚು ಹಿಡಿದುಕೊಳ್ಳುವಷ್ಟು ನೋಯುತ್ತದೆ. ನಮ್ಮ ಕಡೆ ಯಾವುದು ಮೊದಲು ನಡೆಯುತ್ತದೆ ಎಂದು ಊಹಿಸಲು ಬಹುಮಾನವಿಲ್ಲ. ಇದು ಇಂದು ನಿನ್ನೆಯ ರೂಢಿಯೂ ಅಲ್ಲ. ದಶರಥನಿಗೆ ಮೂವರು ಪಟ್ಟದ ರಾಣಿಯರು, ಮೂವರಿಗೂ ಗಂಡುಮಗುವಿಲ್ಲ. ಯಾರದು ಪ್ರಾಬ್ಲಮ್ಮು ಎಂದು ಅಯೋಧ್ಯೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಪಾಯಸ ಕುಡಿಯಬೇಕಾದವರು ರಾಣಿಯರೇ.

ವೀರ್ಯಾಣು ಸೊನ್ನೆ ಎಂದು ವರದಿ ಬಂದ ಮನೆಗಳಲ್ಲಿ ಆ ಕಾಗದ ಬೀರುವಿನ ಲಾಕರಿಗೆ, ಒಡವೆಯ ಕೆಳಗೆ ಹೋಗುತ್ತದೆ. ತಾಯಿಗೂ ಹೇಳಬೇಡ ಎನ್ನುತ್ತಾನೆ ಅವನು. ಅವನ ಮುಖ ನೋಡಿ ಅವಳು ಹೂಂ ಎನ್ನುತ್ತಾಳೆ. ಅಲ್ಲಿಂದ ಮುಂದೆ ಅವನ ಸೊನ್ನೆಗೆ ಅವಳು ಅಶ್ವತ್ಥ ಸುತ್ತುತ್ತಾಳೆ, ಅವನ ಸೊನ್ನೆಗೆ ಅವಳು ಕಷಾಯ ಕುಡಿಯುತ್ತಾಳೆ, "ಗೊಡ್ಡು" ಎಂಬ ಮಾತನ್ನು ಬೆನ್ನ ಹಿಂದೆ ಕೇಳಿಸಿಕೊಂಡು ತಿರುಗದೆ ನಡೆಯುತ್ತಾಳೆ. ಅವನಿಗೂ ಹೇಳಿಕೊಳ್ಳಲು ಯಾರಿಲ್ಲ ನಿಜ. ಗಂಡಸರ ಪಂಕ್ತಿಯಲ್ಲಿ ಸಿಗುವ ಸಮಾಲೋಚನೆ ಎಂದರೆ ಬೆನ್ನ ಮೇಲೊಂದು ಏಟು ಮತ್ತು "ಏನಪ್ಪಾ, ಪವರ್ ಇಲ್ವಾ?" ಎಂಬ ನಗು. ಅವನು ನಗಲು ಕಲಿತಿದ್ದಾನೆ. ಎರಡು ಪೆಗ್ ಆದ ಮೇಲೆ ಕಲಿತದ್ದು ಮರೆತುಹೋಗುತ್ತದೆ, ಅದನ್ನೂ ಅವಳೇ ಸಂಭಾಳಿಸುತ್ತಾಳೆ.

ಇಷ್ಟೆಲ್ಲ ಸಲಹೆಗಾರರು, ಜಪ, ಯೋಗ ಶಿಬಿರ, ಬಾಲಿ ಪ್ರವಾಸ, ಪಾಸಿಟಿವ್ ಥಿಂಕಿಂಗ್ ವಿಡಿಯೊ. ಅವಳ ಮನಸ್ಸು ನೆಮ್ಮದಿಯಾಗಿರಲಿ ಎಂದು ಜಗತ್ತೇ ಟೊಂಕ ಕಟ್ಟಿ ನಿಂತಿದೆ. ಯಾಕೆಂದು ಕೇಳಿ ನೋಡಿ. ನೆಮ್ಮದಿಯಿದ್ದರೆ ಮಗುವಾಗುತ್ತದಂತೆ. ಅವಳ ನೆಮ್ಮದಿ ಗೊಬ್ಬರ, ಬೆಳೆ ಬೇರೆ. ಬೆಳೆ ಬರುವುದಿಲ್ಲ ಎಂದು ಖಚಿತವಾದ ದಿನ ಗೊಬ್ಬರ ಹಾಕುವವರೂ ಕಾಣೆಯಾಗುತ್ತಾರೆ. ನಲವತ್ತಾರು ವಯಸ್ಸಾಗಿ, ಚಿಕಿತ್ಸೆ ಮುಗಿಸಿ, ಫೈಲು ಕಟ್ಟಿಟ್ಟವಳನ್ನು ಯಾರೂ ಟೆನ್ಷನ್ ತಗೋಬೇಡ ಎನ್ನುವುದಿಲ್ಲ. ತಗೊಂಡರೆ ಈಗ ಯಾರಿಗೇನು ನಷ್ಟ?

ನಿಜವಾಗಿ ಈ ಕೆಲಸ ಕಲಿತ ಆಪ್ತ ಸಮಾಲೋಚಕರು ಇಲ್ಲವೆಂದಲ್ಲ. ಕೆಲವೇ ಜನ, ಕೆಲವೇ ಊರುಗಳಲ್ಲಿ ಇದ್ದಾರೆ. ಅವರ ಹತ್ತಿರ ಹೋಗಿ ಬಂದವರೊಬ್ಬರು ಹೇಳಿದ್ದು: "ಆ ಮೇಡಂ ಏನೂ ಹೇಳಲೇ ಇಲ್ಲ ಅಕ್ಕ. ಮುಕ್ಕಾಲು ಗಂಟೆ ನಾನೇ ಮಾತಾಡಿದೆ. ಕೊನೆಗೆ, ಮುಂದಿನ ಸೈಕಲ್ ಬೇಡ ಅನ್ಸಿದ್ರೆ ಬೇಡ ಅನ್ನಬಹುದು, ಅದೂ ಒಂದು ನಿರ್ಧಾರಾನೇ ಅಂದ್ರು. ಹಾಗಂತ ಇಷ್ಟು ವರ್ಷದಲ್ಲಿ ಯಾರೂ ಅಂದಿರಲಿಲ್ಲ." ಅನ್ನುವವರು ಯಾರು? ಕ್ಲಿನಿಕ್ಕಿಗೆ ಪ್ಯಾಕೇಜು ಬಾಕಿ ಇದೆ, ಅತ್ತೆಗೆ ಹರಕೆ ಬಾಕಿ ಇದೆ, ಬೇರು ಕೊಡುವವನಿಗೆ ಅಮಾವಾಸ್ಯೆ ಬಾಕಿ ಇದೆ. ಇಡೀ ಸಂತೆಯಲ್ಲಿ "ಸಾಕು" ಎಂಬ ಸರಕು ಮಾರುವ ಅಂಗಡಿ ಒಂದೂ ಇಲ್ಲ, ಏಕೆಂದರೆ ಅದರಲ್ಲಿ ಕಮಿಷನ್ ಇಲ್ಲ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವವರಲ್ಲಿ ಬಹಳ ಮಂದಿ ಬಿಡುವುದು ದೇಹಕ್ಕೆ ಆಗದೆ ಅಲ್ಲ, ಮನಸ್ಸಿಗೆ ಇನ್ನು ತಾಳಲಾಗದೆ ಎಂದು ಬೇರೆ ಬೇರೆ ದೇಶಗಳ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ನಮ್ಮಲ್ಲಿ ಅವರು ಸುಮ್ಮನೆ ಬರುವುದನ್ನು ನಿಲ್ಲಿಸುತ್ತಾರೆ. ಕ್ಲಿನಿಕ್ಕಿನಿಂದ ಒಂದು ಹಬ್ಬದ ಆಫರ್ ಹೋಗುತ್ತದೆ.

ಅಕಸ್ಮಾತ್ ಮಗುವಾಯಿತು ಎನ್ನಿ. ಸಮಾಲೋಚಕರ ಹುದ್ದೆ ರದ್ದಾಗುತ್ತದೆಂದು ಯಾರೂ ಗಾಬರಿಯಾಗಬೇಕಿಲ್ಲ. ನಾಮಕರಣದ ದಿನ ತೊಟ್ಟಿಲ ಪಕ್ಕದಲ್ಲೇ ಶಾಖೆ ತೆರೆಯುತ್ತದೆ: "ಒಂದು ಕಣ್ಣು ಕಣ್ಣಲ್ಲ, ಒಂದು ಮಗು ಮಗುವಲ್ಲ. ಇನ್ನೊಂದು ಬೇಗ ಮಾಡ್ಕೊಂಡುಬಿಡಿ." ಎರಡನೆಯದಕ್ಕೆ ವರ್ಷಗಟ್ಟಲೆ ಒದ್ದಾಡುತ್ತಿರುವವಳ ಗತಿ ಇನ್ನೂ ವಿಚಿತ್ರ. ಅವಳು ಅಳುವಂತೆಯೂ ಇಲ್ಲ, ಒಂದು ಇದೆಯಲ್ಲ. ನಗುವಂತೆಯೂ ಇಲ್ಲ, ಒಂದೇ ಅಲ್ಲವೇ.

ಅಷ್ಟರಲ್ಲಿ ಯಾರಿಗಾದರೂ ಛತ್ರದ ಊಟ ಮುಗಿಸಿ ಮನೆಗೆ ಬಂದು, ಬಚ್ಚಲಿನ ನಲ್ಲಿ ತಿರುಗಿಸಿ ಅಳುವ ಬದಲು ಒಂದು ದನಿ ಬೇಕೆನಿಸಿದರೆ, 14416 ಎಂಬ ನಂಬರಿದೆ. ಟೆಲಿ ಮಾನಸ್ ಎನ್ನುತ್ತಾರೆ, 2022ರ ಅಕ್ಟೋಬರಿನಿಂದ ನಡೆಯುತ್ತಿದೆ, ಉಸ್ತುವಾರಿ ನಮ್ಮ ನಿಮ್ಹಾನ್ಸಿನದೇ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಅವರಿಗೆ ಭಾಗ್ಯನ ಸೊಸೆ ಗೊತ್ತಿಲ್ಲ. ಗೋತ್ರವನ್ನಂತೂ ಕೇಳುವುದಿಲ್ಲ.